ಒಂದೇ ವಿಶ್ವವಿದ್ಯಾಲಯ, ಹಲವು ಸ್ಥಾನ: ರ‍್ಯಾಂಕಿಂಗ್ ಪಟ್ಟಿಗಳು ನಿಜಕ್ಕೂ ಅಳೆಯುವುದೇನನ್ನು?

ಸಿಇಟಿ ಫಲಿತಾಂಶ ಬಂದು ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ಮೈಸೂರಿನ ಕುಂಬಾರಕೊಪ್ಪಲಿನ ಮನೆಗಳಲ್ಲಿ ಒಂದೇ ಮಾತು: ಯಾವ ಕಾಲೇಜು ಚೆನ್ನಾಗಿದೆ? ಈ ಬಡಾವಣೆಯ ಮಗ್ಗುಲಿಗೆ ಗೋಕುಲಂ. ಅದರ ಮೂರನೇ ಹಂತದಲ್ಲಿ ವಿದ್ಯಾವರ್ಧಕ ಎಂಜಿನಿಯರಿಂಗ್ ಕಾಲೇಜು. ಇನ್ನೊಂದು ಕಡೆ ಹೆಬ್ಬಾಳಿನ ಕೈಗಾರಿಕಾ ಪ್ರದೇಶ. ಸಿಟಿ ಬಸ್ ಹತ್ತಿದರೆ ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿ ದೂರವೇನಲ್ಲ. ಓದಿನ ಜಾಗಗಳೂ ದುಡಿಮೆಯ ಜಾಗಗಳೂ ಇಷ್ಟು ಹತ್ತಿರ ಇರುವಲ್ಲಿ ಕಾಲೇಜಿನ ಆಯ್ಕೆ ಎಂದರೆ ಮನೆಯ ಮುಂದಿನ ಹತ್ತು ವರ್ಷದ ಲೆಕ್ಕಾಚಾರ. ಆ ಹೊತ್ತಿಗೆ ಸರಿಯಾಗಿ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತುಗಳು ಬರುತ್ತವೆ. ಒಂದೊಂದರಲ್ಲೂ ದಪ್ಪ ಅಕ್ಷರದ ಒಂದು ಸಂಖ್ಯೆ. ಒಬ್ಬರು ದೇಶದ ಪಟ್ಟಿಯಲ್ಲಿ ಮುಂದಿದ್ದಾರೆ, ಇನ್ನೊಬ್ಬರು ಏಷ್ಯಾದ ಪಟ್ಟಿಯಲ್ಲಿ, ಮತ್ತೊಬ್ಬರು ಯಾವುದೋ ವಾರಪತ್ರಿಕೆಯ ಸಮೀಕ್ಷೆಯಲ್ಲಿ. ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಇದನ್ನು ಕಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ. ಪಟ್ಟಿಗಳೆಲ್ಲ ದುಡ್ಡಿಗೆ ಸಿಗುವಂಥವು ಎಂಬುದು ಒಂದು; ಯಾವುದೋ ಒಂದು ಪಟ್ಟಿ ಮಾತ್ರ ನಿಜ, ಉಳಿದವು ತಪ್ಪು ಎಂಬುದು ಇನ್ನೊಂದು. ಎರಡೂ ಸರಿಯಲ್ಲ ಎಂಬುದು ನನ್ನ ವಾದ. ಪ್ರಾಮಾಣಿಕವಾಗಿ ಮಾಡಿದ ಪಟ್ಟಿಗಳೂ ಭಿನ್ನವಾಗಿಯೇ ಇರುತ್ತವೆ. ಯಾಕೆಂದರೆ ಅವು ಕೇಳುವ ಪ್ರಶ್ನೆಗಳೇ ಬೇರೆ ಬೇರೆ. ದೋಷವಿರುವುದು ಬೇರೆ ಬೇರೆ ಉತ್ತರಗಳನ್ನು ಕೂಡಿ ಒಂದೇ ಸಂಖ್ಯೆ ಮಾಡುವುದರಲ್ಲಿ, ಆ ಸಂಖ್ಯೆಯನ್ನೇ ಗುಣಮಟ್ಟ ಎಂದು ಕರೆಯುವುದರಲ್ಲಿ.

ಇದಕ್ಕೆ ನಮ್ಮ ನಾಡಿನಲ್ಲೇ ಒಳ್ಳೆಯ ಸಾಕ್ಷಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಅದಕ್ಕೆ 371 ಎಕರೆ ಜಮೀನು ಕೊಟ್ಟದ್ದು ಮೈಸೂರು ಸಂಸ್ಥಾನ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಯ ವಿಶ್ವವಿದ್ಯಾಲಯ ವಿಭಾಗದಲ್ಲಿ 2016ರಿಂದ 2025ರವರೆಗೆ ಪ್ರತಿ ಸಲವೂ ಈ ಸಂಸ್ಥೆಗೇ ಮೊದಲ ಸ್ಥಾನ. ಅದೇ ಎನ್‌ಐಆರ್‌ಎಫ್‌ನ ಸಮಗ್ರ ವಿಭಾಗದಲ್ಲಿ 2019ರಿಂದ ಮದ್ರಾಸ್ ಐಐಟಿ ಮೊದಲನೆಯದು, ಇದು ಎರಡನೆಯದು. ಲಂಡನ್ನಿನ ಟೈಮ್ಸ್ ಹೈಯರ್ ಎಜುಕೇಶನ್ ಪಟ್ಟಿಯಲ್ಲಿ ಇದು ಭಾರತದ ಸಂಸ್ಥೆಗಳಲ್ಲಿ ಮೊದಲು. ಲಂಡನ್ನಿನದೇ ಆದ ಕ್ಯೂಎಸ್ ಪಟ್ಟಿಯ 2023ರ ಆವೃತ್ತಿಯಲ್ಲಿ ಜಗತ್ತಿಗೆ 155ನೇ ಸ್ಥಾನ, ಭಾರತಕ್ಕೆ ಮೊದಲ ಸ್ಥಾನ. ಮರುವರ್ಷದ ಆವೃತ್ತಿಯಲ್ಲಿ 225. 2026ರ ಆವೃತ್ತಿಯ ಹೊತ್ತಿಗೆ ದೆಹಲಿ, ಬಾಂಬೆ, ಮದ್ರಾಸ್, ಖರಗ್‌ಪುರ ಐಐಟಿಗಳ ನಂತರ ಭಾರತಕ್ಕೆ ಐದನೆಯದು.

155ರಿಂದ 225ಕ್ಕೆ ಇಳಿದ ಆ ಒಂದು ವರ್ಷದಲ್ಲಿ ಸಂಸ್ಥೆಯಲ್ಲಿ ಏನಾಯಿತು? ಪ್ರಯೋಗಾಲಯಗಳು ಮುಚ್ಚಲಿಲ್ಲ, ವಿಜ್ಞಾನಿಗಳು ಸಾಮೂಹಿಕವಾಗಿ ಬಿಟ್ಟು ಹೋಗಲಿಲ್ಲ. ದೊಡ್ಡದಾಗಿ ಬದಲಾದದ್ದು ಕ್ಯೂಎಸ್‌ನವರ ಲೆಕ್ಕ. ಅಲ್ಲಿಯವರೆಗೆ ವಿದ್ವಾಂಸರ ಅಭಿಪ್ರಾಯ ಸಮೀಕ್ಷೆಗೆ ಶೇ 40 ಇದ್ದ ತೂಕವನ್ನು 30ಕ್ಕೆ ಇಳಿಸಿದರು. ಬೋಧಕ-ವಿದ್ಯಾರ್ಥಿ ಅನುಪಾತವನ್ನು 20ರಿಂದ 10ಕ್ಕೆ ಇಳಿಸಿದರು. ಉದ್ಯೋಗದಾತರ ಅಭಿಪ್ರಾಯವನ್ನು 10ರಿಂದ 15ಕ್ಕೆ ಏರಿಸಿದರು. ಪದವೀಧರರ ಉದ್ಯೋಗ, ಅಂತರರಾಷ್ಟ್ರೀಯ ಸಂಶೋಧನಾ ಜಾಲ, ಸುಸ್ಥಿರತೆ ಎಂಬ ಮೂರು ಹೊಸ ಕಾಲಂ ಸೇರಿಸಿ ಒಂದೊಂದಕ್ಕೂ ಶೇ 5 ಕೊಟ್ಟರು. ಅದೇ ವರ್ಷ ಬಾಂಬೆ ಐಐಟಿ 172ರಿಂದ 149ಕ್ಕೆ ಏರಿತು; ಉದ್ಯೋಗದಾತರ ನಡುವಿನ ಹೆಸರೇ ಅದರ ದೊಡ್ಡ ಬಲ. ಭಾರತೀಯ ವಿಜ್ಞಾನ ಸಂಸ್ಥೆಯ ಬಲ ಇರುವುದು ಬೇರೆ ಕಡೆ. 2022ರ ಆವೃತ್ತಿಯಲ್ಲಿ ಪ್ರತಿ ಬೋಧಕರಿಗೆ ಸಿಗುವ ಸೈಟೇಷನ್‌ಗಳ, ಅಂದರೆ ಬೇರೆಯವರ ಪ್ರಬಂಧಗಳಲ್ಲಿನ ಉಲ್ಲೇಖಗಳ, ಲೆಕ್ಕದಲ್ಲಿ ಅದು ನೂರಕ್ಕೆ ನೂರು ಪಡೆದು ಜಗತ್ತಿಗೇ ಮೊದಲಾಗಿತ್ತು. ಹಾಗಿದ್ದೂ ಆ ವರ್ಷ ಒಟ್ಟಾರೆ ಸ್ಥಾನ 186. ಒಂದು ಕಾಲಂನಲ್ಲಿ ಜಗತ್ತಿಗೆ ಮೊದಲು, ಮೊತ್ತದಲ್ಲಿ 186 ಎಂದರೆ ಆ ಮೊತ್ತ ಸಂಸ್ಥೆಯ ಬಗ್ಗೆ ಏನನ್ನು ತಿಳಿಸಿದಂತಾಯಿತು?

ತೂಕ ಬದಲಿಸಿದರೆ ಕ್ರಮ ಹೇಗೆ ತಿರುಗುತ್ತದೆ ಎಂಬುದಕ್ಕೆ ಹೈಸ್ಕೂಲಿನ ಗಣಿತ ಸಾಕು. ಉದಾಹರಣೆಗೆ ಎರಡು ಸಂಸ್ಥೆಗಳನ್ನು ಊಹಿಸಿಕೊಳ್ಳೋಣ. ಒಂದಕ್ಕೆ ಬೋಧನೆಯಲ್ಲಿ 80, ಸಂಶೋಧನೆಯಲ್ಲಿ 40. ಇನ್ನೊಂದಕ್ಕೆ ಬೋಧನೆಯಲ್ಲಿ 50, ಸಂಶೋಧನೆಯಲ್ಲಿ 75. ಬೋಧನೆಗೆ ಶೇ 60, ಸಂಶೋಧನೆಗೆ ಶೇ 40 ತೂಕ ಕೊಟ್ಟರೆ ಮೊದಲ ಸಂಸ್ಥೆಗೆ 64, ಎರಡನೆಯದಕ್ಕೆ 60. ತೂಕ ಅದಲುಬದಲು ಮಾಡಿ. ಮೊದಲನೆಯದು 56ಕ್ಕೆ ಇಳಿಯುತ್ತದೆ, ಎರಡನೆಯದು 65ಕ್ಕೆ ಏರುತ್ತದೆ. ಯಾವ ಅಂಕವೂ ಬದಲಾಗಿಲ್ಲ, ಯಾರೂ ತಪ್ಪು ಮಾಹಿತಿ ಕೊಟ್ಟಿಲ್ಲ. ಆದರೂ ಗೆದ್ದವರು ಸೋತಿದ್ದಾರೆ. 60 ಸರಿಯೋ 40 ಸರಿಯೋ ಎಂಬುದನ್ನು ಯಾವ ವಿಜ್ಞಾನವೂ ಹೇಳಿಕೊಡುವುದಿಲ್ಲ. ವಿಶ್ವವಿದ್ಯಾಲಯ ಇರುವುದು ಯಾತಕ್ಕೆ ಎಂಬ ಬಗ್ಗೆ ಪಟ್ಟಿ ಮಾಡುವವರಿಗಿರುವ ನಂಬಿಕೆಯೇ ಆ ತೂಕದ ರೂಪದಲ್ಲಿ ಒಳಗೆ ಕೂತಿರುತ್ತದೆ.

ಆ ನಂಬಿಕೆಗಳು ಎಷ್ಟು ಬೇರೆ ಎಂಬುದನ್ನು 'ಹೆಸರು' ಎಂಬ ಒಂದೇ ಅಂಶದಲ್ಲಿ ನೋಡಬಹುದು. ಕ್ಯೂಎಸ್‌ನ ಈಗಿನ ಲೆಕ್ಕದಲ್ಲಿ ವಿದ್ವಾಂಸರ ಮತ್ತು ಉದ್ಯೋಗದಾತರ ಅಭಿಪ್ರಾಯಕ್ಕೆ ಒಟ್ಟು ಶೇ 45. ಟೈಮ್ಸ್ ಪಟ್ಟಿಯಲ್ಲಿ ಅಭಿಪ್ರಾಯ ಸಮೀಕ್ಷೆಗೆ ಶೇ 33. ಎನ್‌ಐಆರ್‌ಎಫ್‌ನಲ್ಲಿ ಶೇ 10. 2003ರಲ್ಲಿ ಶುರುವಾದ ಶಾಂಘೈ ಪಟ್ಟಿಯಲ್ಲಿ ಸೊನ್ನೆ. ಹೆಸರು ಎಂಬುದು ಹಳೆಯದಾದಷ್ಟೂ, ದೊಡ್ಡದಾದಷ್ಟೂ, ಇಂಗ್ಲಿಷ್ ಜಗತ್ತಿಗೆ ಹತ್ತಿರವಾದಷ್ಟೂ ಬೆಳೆಯುವಂಥದ್ದು. ನಿನ್ನೆ ಮೊನ್ನೆ ಒಳ್ಳೆಯ ಕೆಲಸ ಶುರು ಮಾಡಿದ ಸಂಸ್ಥೆಗೆ ಅದು ಬರಲು ದಶಕಗಳು ಬೇಕು. ಒಮ್ಮೆ ಬಂದರೆ ಕೆಲಸ ಕೆಟ್ಟ ಮೇಲೂ ದಶಕಗಳ ಕಾಲ ಉಳಿಯುತ್ತದೆ.

ಹಾಗಾದರೆ ಅಭಿಪ್ರಾಯವನ್ನೇ ಕೇಳದ ಶಾಂಘೈ ಪಟ್ಟಿ ಹೆಚ್ಚು ನ್ಯಾಯದ್ದೇ? ಅಲ್ಲಿ ಹಳೆಯ ವಿದ್ಯಾರ್ಥಿಗಳು ಮತ್ತು ಬೋಧಕರು ಪಡೆದ ನೊಬೆಲ್, ಫೀಲ್ಡ್ಸ್ ಗೌರವಗಳಿಗೇ ಶೇ 30 ತೂಕ. ಬೋಧಕರ ಲೆಕ್ಕದಲ್ಲಿ ಪ್ರಶಸ್ತಿ ಬಂದ ಹೊತ್ತಿಗೆ ಅವರು ಎಲ್ಲಿದ್ದರು ಎಂಬುದೇ ಮುಖ್ಯ. ಸಿ.ವಿ. ರಾಮನ್ ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ, ಕಲ್ಕತ್ತದಲ್ಲಿದ್ದಾಗ. ಅವರು ಬೆಂಗಳೂರಿನ ಸಂಸ್ಥೆಯ ನಿರ್ದೇಶಕರಾಗಿ ಬಂದದ್ದು 1933ರಲ್ಲಿ. ಹಾಗಾಗಿ ಅವರು ಬೆಂಗಳೂರಿನಲ್ಲಿ ಕಟ್ಟಿದ ಭೌತವಿಜ್ಞಾನ ವಿಭಾಗ, ಬೆಳೆಸಿದ ಶಿಷ್ಯರು, ಇವು ಯಾವುವೂ ಆ ಕಾಲಂಗೆ ಬರುವುದಿಲ್ಲ. ವಸ್ತುನಿಷ್ಠ ಎನಿಸುವ ಎಣಿಕೆಯೂ ಯಾವುದನ್ನು ಎಣಿಸಬೇಕು ಎಂಬ ಆಯ್ಕೆಯ ಮೇಲೇ ನಿಂತಿದೆ.

ಸೈಟೇಷನ್ ಎಣಿಕೆಯ ಕತೆ ಇನ್ನೂ ಸೂಕ್ಷ್ಮ. ಒಂದು ಪ್ರಬಂಧವನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದರು ಎಂಬುದು ಅದರ ಪ್ರಭಾವದ ಒಂದು ಸೂಚನೆ ಹೌದು. ಆದರೆ ಅದನ್ನು ಯಾವುದರಿಂದ ಭಾಗಿಸಬೇಕು? ಕ್ಯೂಎಸ್ ಬೋಧಕರ ಸಂಖ್ಯೆಯಿಂದ ಭಾಗಿಸುತ್ತದೆ. ಆಗ ಹೆಚ್ಚು ಮೇಷ್ಟ್ರನ್ನು ನೇಮಿಸಿಕೊಂಡ ಸಂಸ್ಥೆಗೆ ಬೋಧಕ-ವಿದ್ಯಾರ್ಥಿ ಅನುಪಾತದ ಕಾಲಂನಲ್ಲಿ ಅಂಕ ಏರುತ್ತದೆ, ಸೈಟೇಷನ್ ಕಾಲಂನಲ್ಲಿ ಇಳಿಯುತ್ತದೆ. ಒಂದೇ ಒಳ್ಳೆಯ ಕೆಲಸಕ್ಕೆ ಒಂದು ಕೈಯಲ್ಲಿ ಬಹುಮಾನ, ಇನ್ನೊಂದು ಕೈಯಲ್ಲಿ ದಂಡ. ಟೈಮ್ಸ್ ಪಟ್ಟಿ ಪ್ರತಿ ಪ್ರಬಂಧವನ್ನು ಆಯಾ ವಿಷಯದ ಜಾಗತಿಕ ಸರಾಸರಿಗೆ ಹೋಲಿಸಿ ಅಂಕ ಕೊಡುತ್ತದೆ. ಗಣಿತಕ್ಕೂ ವೈದ್ಯಕೀಯಕ್ಕೂ ಒಂದೇ ಅಳತೆ ಹಿಡಿಯದಿರುವುದು ಮೆಚ್ಚಬೇಕಾದ ಕ್ರಮ. ಆದರೆ ಪ್ರಬಂಧಗಳ ಸಂಖ್ಯೆ ಕಡಿಮೆ ಇರುವಲ್ಲಿ ಕೆಲವೇ ಪ್ರಬಂಧಗಳು ಇಡೀ ಸರಾಸರಿಯನ್ನು ಎತ್ತಿಬಿಡುತ್ತವೆ. 2013-14ರ ಆವೃತ್ತಿಯಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ ಐಐಟಿಗಳನ್ನೆಲ್ಲ ಹಿಂದಿಕ್ಕಿ 226ರಿಂದ 250ರ ಗುಂಪಿಗೆ ಬಂತು. ಯುರೋಪಿನ ಸರ್ನ್ ಪ್ರಯೋಗಗಳ, ಸಾವಿರಾರು ಲೇಖಕರ ಹೆಸರಿದ್ದ ಪ್ರಬಂಧಗಳಲ್ಲಿ ಅಲ್ಲಿನ ಭೌತವಿಜ್ಞಾನಿಗಳೂ ಇದ್ದರು. ಆ ಕೆಲಸ ಅಪ್ಪಟವಾದದ್ದೇ. ಆದರೆ ಅದರ ಆಧಾರದ ಮೇಲೆ ಅಲ್ಲಿನ ಇತಿಹಾಸ ವಿಭಾಗವನ್ನೋ ವಾಣಿಜ್ಯ ವಿಭಾಗವನ್ನೋ ಅಳೆಯಲಾಗದು. ಟೈಮ್ಸ್‌ನವರು ನಂತರ ಇಂಥ ಪ್ರಬಂಧಗಳ ಲೆಕ್ಕವನ್ನೇ ಬದಲಿಸಿದರು. ಆಮೇಲೂ 2020ರ ಆವೃತ್ತಿಯಲ್ಲಿ, 2008ರಲ್ಲಿ ಶುರುವಾದ ರೋಪರ್ ಐಐಟಿ ಮತ್ತು ನೂರು ದಾಟಿದ ಭಾರತೀಯ ವಿಜ್ಞಾನ ಸಂಸ್ಥೆ ಎರಡೂ 301ರಿಂದ 350ರ ಒಂದೇ ಗುಂಪಿನಲ್ಲಿ ಕೂತವು.

ಮೈಸೂರಿನವರಿಗೆ ಇದರ ಇನ್ನೊಂದು ಮುಖ ಗೊತ್ತಿದೆ. ನಮ್ಮ ಜೆಎಸ್‌ಎಸ್ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಅಕಾಡೆಮಿ ಟೈಮ್ಸ್‌ನ 2022 ಮತ್ತು 2023ರ ಆವೃತ್ತಿಗಳಲ್ಲಿ 351ರಿಂದ 400ರ ಗುಂಪಿನಲ್ಲಿತ್ತು. ಭಾರತದ ಮಟ್ಟಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ನಂತರದ ಸಾಲು. 2022ರ ಎನ್‌ಐಆರ್‌ಎಫ್ ವಿಶ್ವವಿದ್ಯಾಲಯ ಪಟ್ಟಿಯ ಮೊದಲ ಹತ್ತರಲ್ಲಿ ಅದರ ಹೆಸರಿಲ್ಲ. ಇದರಲ್ಲಿ ಸಂಸ್ಥೆಯ ತಪ್ಪೇನೂ ಇಲ್ಲ. ವೈದ್ಯಕೀಯ, ಔಷಧ ವಿಜ್ಞಾನಗಳನ್ನೇ ಮುಖ್ಯವಾಗಿ ಹೊಂದಿದ ಸಂಸ್ಥೆಯನ್ನು ಆಗ ಸೈಟೇಷನ್‌ಗೆ ಶೇ 30 ಕೊಡುತ್ತಿದ್ದ ಟೈಮ್ಸ್ ಪಟ್ಟಿ ಒಂದು ರೀತಿ ಕಾಣುತ್ತದೆ, ಬೋಧನೆ, ಸಂಪನ್ಮೂಲ, ಒಳಗೊಳ್ಳುವಿಕೆಗಳನ್ನೂ ಕೂಡುವ ಪಟ್ಟಿ ಇನ್ನೊಂದು ರೀತಿ ಕಾಣುತ್ತದೆ. ಜೊತೆಗೆ ಸಾಲಿನಲ್ಲಿ ಯಾರು ನಿಂತಿದ್ದಾರೆ ಎಂಬುದೂ ಇದೆ. ಲೆಕ್ಕದಲ್ಲಿ ಪಾರದರ್ಶಕತೆ ಇಲ್ಲವೆಂದು ಬಾಂಬೆ, ದೆಹಲಿ, ಮದ್ರಾಸ್ ಸೇರಿ ಏಳು ಐಐಟಿಗಳು 2020ರಲ್ಲಿ ಟೈಮ್ಸ್ ಪಟ್ಟಿಯಿಂದ ಹೊರಗುಳಿದವು. ಪಟ್ಟಿಯಲ್ಲಿ ಇಲ್ಲದವರ ಹಿಂದೆ ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ. ಕಾಲೇಜುಗಳ ವಿಷಯದಲ್ಲಿ ಇದು ಇನ್ನೂ ನಿಜ. ಕರ್ನಾಟಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ. ಎನ್‌ಐಆರ್‌ಎಫ್‌ನ ಮೊದಲ ನೂರು ಕಾಲೇಜುಗಳಲ್ಲಿ ನಮ್ಮವು ಬೆರಳೆಣಿಕೆಯಷ್ಟು, ತಮಿಳುನಾಡು, ದೆಹಲಿ, ಕೇರಳದವೇ ಬಹುಪಾಲು. ಆದರೆ ಎನ್‌ಐಆರ್‌ಎಫ್ ಎಣಿಸುವುದು ತಾವಾಗಿ ಅರ್ಜಿ ಹಾಕಿ ಮಾಹಿತಿ ತುಂಬಿದ ಕಾಲೇಜುಗಳನ್ನು ಮಾತ್ರ. ಪಟ್ಟಿಯಲ್ಲಿ ಇಲ್ಲದ ಕಾಲೇಜು ಕೆಟ್ಟದ್ದು ಎನ್ನಲು ಅದು ಆಧಾರವಲ್ಲ.

ಎನ್‌ಐಆರ್‌ಎಫ್ ಬಗ್ಗೆ ಒಳ್ಳೆಯ ಮಾತು ಹೇಳಲೇಬೇಕು. ಕಲಿಕೆ ಮತ್ತು ಸಂಪನ್ಮೂಲಕ್ಕೆ ಶೇ 30, ಸಂಶೋಧನೆಗೆ 30, ಪದವಿ ಫಲಿತಾಂಶಕ್ಕೆ 20, ಒಳಗೊಳ್ಳುವಿಕೆಗೆ 10, ಅಭಿಪ್ರಾಯಕ್ಕೆ 10 ಎಂದು ತೂಕವನ್ನು ಬಹಿರಂಗವಾಗಿ ಇಟ್ಟಿದೆ. ಹೆಣ್ಣುಮಕ್ಕಳು ಎಷ್ಟಿದ್ದಾರೆ, ಆರ್ಥಿಕವಾಗಿ, ಸಾಮಾಜಿಕವಾಗಿ ಹಿಂದುಳಿದವರು ಎಷ್ಟಿದ್ದಾರೆ, ಅಂಗವಿಕಲರಿಗೆ ಏನು ಸೌಲಭ್ಯವಿದೆ ಎಂದು ಅದು ಕೇಳುತ್ತದೆ. ಕ್ಯೂಎಸ್, ಟೈಮ್ಸ್‌ಗಳ ಮುಖ್ಯ ಪಟ್ಟಿಗಳಲ್ಲಿ ಅಂಕ ತರುವುದು ವಿದೇಶಿ ವಿದ್ಯಾರ್ಥಿ. ಹೆಗ್ಗಡದೇವನಕೋಟೆಯ ಹಾಡಿಯಿಂದ ಮಾನಸಗಂಗೋತ್ರಿಗೆ ಓದಲು ಬಂದ ಮೊದಲ ಪೀಳಿಗೆಯ ಹುಡುಗಿ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಒಂದು ಸಾರ್ವಜನಿಕ ವಿಶ್ವವಿದ್ಯಾಲಯದ ದೊಡ್ಡ ಕೆಲಸವೇ ಅಂಥ ಹುಡುಗಿಗೆ ಬಾಗಿಲು ತೆರೆಯುವುದು ಎಂದು ನಾನು ನಂಬುತ್ತೇನೆ. ಹಾಗಾಗಿ ಒಳಗೊಳ್ಳುವಿಕೆಗಿರುವ ಆ ಹತ್ತು ಅಂಕ ಕಡಿಮೆಯಾಯಿತು ಎಂದೇ ನನ್ನ ಅನಿಸಿಕೆ.

ಆದರೆ ಎನ್‌ಐಆರ್‌ಎಫ್ ಸ್ಥಾನವನ್ನು ಓದುವಾಗಲೂ ಎಚ್ಚರ ಬೇಕು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಸ್ಥಾಪಿಸಿದ ಮೈಸೂರು ವಿಶ್ವವಿದ್ಯಾಲಯ 2020ರಲ್ಲಿ 27ನೇ ಸ್ಥಾನದಲ್ಲಿತ್ತು. 2021ರಲ್ಲಿ 19ಕ್ಕೆ ಏರಿತು. 2022ರಲ್ಲಿ 33ಕ್ಕೆ ಇಳಿಯಿತು, ಆಮೇಲೆ ಇನ್ನೂ ಕೆಳಕ್ಕೆ ಹೋಯಿತು. 19 ಬಂದಾಗ ಸಂಭ್ರಮ, 33 ಬಂದಾಗ ಆತಂಕ. ವಿಶ್ವವಿದ್ಯಾಲಯವೊಂದು ಒಂದೇ ವರ್ಷದಲ್ಲಿ ಅಷ್ಟು ಒಳ್ಳೆಯದಾಗುವುದೂ ಇಲ್ಲ, ಕೆಡುವುದೂ ಇಲ್ಲ. ಪಟ್ಟಿಯ ಮಧ್ಯಭಾಗದಲ್ಲಿ ಅಂಕಗಳು ಒತ್ತೊತ್ತಾಗಿರುತ್ತವೆ. ಚೂರು ಅಂಕ ಜಾರಿದರೆ ಎಷ್ಟೋ ಸ್ಥಾನ ಜಾರುತ್ತದೆ. ಈ ಏರಿಳಿತದ ಗದ್ದಲದಲ್ಲಿ ನಿಜವಾದ ಸುದ್ದಿ ಮುಚ್ಚಿಹೋಗುತ್ತದೆ. ವಿಶ್ವವಿದ್ಯಾಲಯದ ಮಂಜೂರಾದ ಬೋಧಕ ಹುದ್ದೆಗಳಲ್ಲಿ ಅರ್ಧಕ್ಕೂ ಹೆಚ್ಚು ವರ್ಷಗಳಿಂದ ಖಾಲಿ. ತರಗತಿಗಳನ್ನು ನಡೆಸುತ್ತಿರುವವರು ಕಾಯಂ ಅಲ್ಲದ ಅತಿಥಿ ಉಪನ್ಯಾಸಕರು. ಕಾಯಂ ಮೇಷ್ಟ್ರಿಲ್ಲದಿದ್ದರೆ ಬೋಧಕ-ವಿದ್ಯಾರ್ಥಿ ಅನುಪಾತ ಕೆಡುತ್ತದೆ, ಪಿಎಚ್‌.ಡಿ. ಮಾರ್ಗದರ್ಶಕರು ಕಡಿಮೆಯಾಗುತ್ತಾರೆ, ಪ್ರಬಂಧ, ಪ್ರಾಜೆಕ್ಟ್ ಎಲ್ಲ ಸೊರಗುತ್ತವೆ. ರ‍್ಯಾಂಕ್ ಕುಸಿಯಿತು ಎಂದು ಕುಲಪತಿಗಳನ್ನು ಕೇಳುವ ನಾವು ಹುದ್ದೆ ಯಾಕೆ ತುಂಬಲಿಲ್ಲ ಎಂದು ಸರ್ಕಾರವನ್ನು ಅಷ್ಟೇ ಗಟ್ಟಿಯಾಗಿ ಕೇಳುವುದಿಲ್ಲ.

ಎಲ್ಲ ಪಟ್ಟಿಗಳೂ ಒಮ್ಮತದಿಂದ ಬಿಟ್ಟಿರುವ ಒಂದು ವಿಷಯವಿದೆ. ಕನ್ನಡಿಗರಾಗಿ ನಮ್ಮನ್ನು ಅದು ಬಾಧಿಸಬೇಕು. ಕ್ಯೂಎಸ್, ಟೈಮ್ಸ್ ಎರಡೂ ಸ್ಕೋಪಸ್ ಎಂಬ ದತ್ತಸಂಚಯವನ್ನು, ಶಾಂಘೈ ಪಟ್ಟಿ ವೆಬ್ ಆಫ್ ಸೈನ್ಸ್ ಅನ್ನು ನೆಚ್ಚಿಕೊಂಡಿವೆ. ಎನ್‌ಐಆರ್‌ಎಫ್ ಕೂಡ ಈ ಎರಡರಿಂದಲೇ ಪ್ರಬಂಧಗಳನ್ನು ಎಣಿಸುತ್ತದೆ. ಇಂಗ್ಲಿಷ್ ಸಾರಾಂಶವಿಲ್ಲದ ಪತ್ರಿಕೆಗೆ ಸ್ಕೋಪಸ್‌ನಲ್ಲಿ ಜಾಗವಿಲ್ಲ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವನ್ನು ರೂಪಿಸಿತು, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ಹೊರತಂದಿತು. ವಿಶ್ವವಿದ್ಯಾಲಯದ ಪ್ರಸಾರಾಂಗ ಹಳ್ಳಿಹಳ್ಳಿಗೆ ಉಪನ್ಯಾಸವನ್ನೂ ಪುಸ್ತಕವನ್ನೂ ಒಯ್ದಿತು. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದ ಪ್ರಾಚ್ಯ ಗ್ರಂಥಾಲಯ ಇಂದು ಇದೇ ವಿಶ್ವವಿದ್ಯಾಲಯದ ಪ್ರಾಚ್ಯವಿದ್ಯಾ ಸಂಶೋಧನಾಲಯ. ಒಂದು ನಾಡಿನ ತಿಳಿವಳಿಕೆಯನ್ನೇ ಬದಲಿಸಿದ ಇಂಥ ಕೆಲಸವನ್ನು ಇವತ್ತು ಯಾರಾದರೂ ಕನ್ನಡದಲ್ಲಿ ಮಾಡಿದರೆ ಪಟ್ಟಿಯಲ್ಲಿ ಅದರ ಬೆಲೆ ಸೊನ್ನೆ. ಅವಸರದಲ್ಲಿ ಬರೆದ, ಯಾರೂ ಓದದ ಇಂಗ್ಲಿಷ್ ಪ್ರಬಂಧಕ್ಕೆ ಒಂದು ಅಂಕವಾದರೂ ಇದೆ. ಯುವ ಅಧ್ಯಾಪಕರು ಯಾವ ಕಡೆಗೆ ವಾಲುತ್ತಾರೆ ಎಂಬುದನ್ನು ಹೇಳಬೇಕಾಗಿಲ್ಲ.

ಪಟ್ಟಿಗಳಿಂದ ಆಗುವ ದೊಡ್ಡ ಹಾನಿ ಇದೇ. ಅವು ಅಳೆಯುವುದಷ್ಟೇ ಅಲ್ಲ, ಅಳತೆಗೆ ತಕ್ಕಂತೆ ಸಂಸ್ಥೆಗಳನ್ನು ಬಗ್ಗಿಸುತ್ತವೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯ ಯುಎಸ್ ನ್ಯೂಸ್ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದಾಗ, ಅಲ್ಲಿನದೇ ಗಣಿತ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್ 2022ರಲ್ಲಿ ಸಂಸ್ಥೆ ಕೊಟ್ಟ ಅಂಕಿಗಳು ಸರಿಯಿಲ್ಲವೆಂದು ತೋರಿಸಿದರು. ಅದೇ ವರ್ಷ ಅದು 18ಕ್ಕೆ ಇಳಿಯಿತು. ನಮ್ಮಲ್ಲೂ ಹಿಂಪಡೆದ ಪ್ರಬಂಧಗಳಿಗೆ ಅಂಕ ಕಳೆಯುವ ನಿಯಮವನ್ನು ಎನ್‌ಐಆರ್‌ಎಫ್ 2025ರಲ್ಲಿ ತರಬೇಕಾಯಿತು. ಸಂಖ್ಯೆಗಾಗಿ ಪ್ರಬಂಧ ಬರೆಯುವ ಚಾಳಿ ಎಷ್ಟು ಬೆಳೆದಿದೆ ಎಂಬುದಕ್ಕೆ ಆ ನಿಯಮವೇ ಸಾಕ್ಷಿ.

ಹಾಗಾದರೆ ಮನೆಯವರು ಏನು ಮಾಡಬೇಕು? ಕುಂಬಾರಕೊಪ್ಪಲಿನ ಒಬ್ಬ ಹುಡುಗಿ ಬಿಎಸ್‌ಸಿಗೋ ಎಂಜಿನಿಯರಿಂಗ್‌ಗೋ ಸೇರಬೇಕು ಎಂದುಕೊಳ್ಳೋಣ. ಅವಳ ಪ್ರಶ್ನೆಗಳು ಸರಳ: ನನ್ನ ವಿಭಾಗದಲ್ಲಿ ಕಾಯಂ ಮೇಷ್ಟ್ರು ಎಷ್ಟು ಜನ? ಲ್ಯಾಬ್ ನಿಜಕ್ಕೂ ನಡೆಯುತ್ತದೆಯೇ? ಸೇರಿದವರಲ್ಲಿ ಎಷ್ಟು ಮಂದಿ ಸರಿಯಾದ ಸಮಯಕ್ಕೆ ಪಾಸಾಗುತ್ತಾರೆ? ಫೀಸು ಎಷ್ಟು, ವಿದ್ಯಾರ್ಥಿವೇತನ ಸಿಗುತ್ತದೆಯೇ? ನಡುಮಟ್ಟದ ವಿದ್ಯಾರ್ಥಿಗೆ ಎಂಥ ಸಂಬಳದ ಕೆಲಸ ಸಿಗುತ್ತದೆ? ಯಾವ ರ‍್ಯಾಂಕೂ ಇವಕ್ಕೆ ಉತ್ತರವಲ್ಲ. ಆದರೆ ರ‍್ಯಾಂಕಿನ ಹಿಂದಿರುವ ಮಾಹಿತಿಯಲ್ಲಿ ಉತ್ತರ ಇದೆ. ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕಿದ ಸಂಸ್ಥೆಗಳು ತುಂಬಿದ ಅಂಕಿಅಂಶಗಳು ಸಾರ್ವಜನಿಕವಾಗಿ ಸಿಗುತ್ತವೆ. ಎಷ್ಟು ಸೀಟು, ಎಷ್ಟು ಹುಡುಗಿಯರು, ಎಷ್ಟು ಜನರಿಗೆ ಶುಲ್ಕ ವಾಪಸು, ಎಷ್ಟು ಮಂದಿ ನಿಗದಿತ ಅವಧಿಯಲ್ಲಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ, ಮಧ್ಯಮ ಸಂಬಳ ಎಷ್ಟು, ಲೈಬ್ರರಿ ಮತ್ತು ಲ್ಯಾಬಿಗೆ ಎಷ್ಟು ಖರ್ಚು ಎಂಬುದೆಲ್ಲ ಅಲ್ಲಿರುತ್ತದೆ. ಜಾಹೀರಾತಿನ ಒಂದು ಸಂಖ್ಯೆಗಿಂತ ಆ ಹತ್ತು ಸಾಲು ಸಾವಿರ ಪಾಲು ಉಪಯುಕ್ತ. ಆಮೇಲೆ ಅಲ್ಲಿ ಈಗ ಓದುತ್ತಿರುವ ಇಬ್ಬರನ್ನು ಮಾತಾಡಿಸಿ, ತರಗತಿ ನಡೆಯುವ ದಿನ ಒಮ್ಮೆ ಹೋಗಿ ಬಂದರೆ ತೀರ್ಮಾನ ತಾನಾಗಿ ಸ್ಪಷ್ಟವಾಗುತ್ತದೆ.

ಪಟ್ಟಿ ಮಾಡುವವರಿಗೂ ಬೇರೆ ದಾರಿ ಇದೆ. ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ಕೇಂದ್ರವೊಂದು ಹೊರತರುವ ಲೈಡನ್ ರ‍್ಯಾಂಕಿಂಗ್ ಎಲ್ಲವನ್ನೂ ಕೂಡಿ ಒಂದು ಮೊತ್ತ ಮಾಡುವುದೇ ಇಲ್ಲ. ಬೇಕಾದ ಅಂಶವನ್ನು ಓದುಗರೇ ಆರಿಸಿಕೊಂಡು ನೋಡಬಹುದು. ಅದು ಸಂಶೋಧನೆಯನ್ನು ಮಾತ್ರ ನೋಡುತ್ತದೆ, ನಿಜ. ಆದರೆ ಬೆರೆಸಬಾರದ್ದನ್ನು ಬೆರೆಸದಿರುವ ಶಿಸ್ತು ಅದರಲ್ಲಿದೆ. ಅದೇ ದೇಶದ ಉಟ್ರೆಕ್ಟ್ ವಿಶ್ವವಿದ್ಯಾಲಯ 2023ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯ 2024ರಲ್ಲಿ ಟೈಮ್ಸ್ ಪಟ್ಟಿಯಿಂದ ಹೊರಬರುವುದಾಗಿ ಘೋಷಿಸಿದವು. ನಮ್ಮ ವಿಶ್ವವಿದ್ಯಾಲಯಗಳು ಹೊರಬರಬೇಕೆಂದು ನಾನು ಹೇಳುವುದಿಲ್ಲ. ಅನುದಾನಕ್ಕೂ ಪ್ರವೇಶಕ್ಕೂ ಪಟ್ಟಿಗಳನ್ನು ನೋಡುವ ಕಾಲದಲ್ಲಿ ರಾಜ್ಯದ ಬಡ ವಿಶ್ವವಿದ್ಯಾಲಯಕ್ಕೆ ಆ ಸ್ವಾತಂತ್ರ್ಯ ಇಲ್ಲ.

ಆದರೆ ನಾಲ್ಕು ಕೆಲಸ ನಮ್ಮ ಕೈಯಲ್ಲೇ ಇವೆ. ಎನ್‌ಐಆರ್‌ಎಫ್ ತನ್ನ ಐದು ಅಂಶಗಳ ಅಂಕವನ್ನು ಮುಂದಿಟ್ಟು ಮೊತ್ತವನ್ನು ಹಿಂದಕ್ಕೆ ಸರಿಸಲಿ. ಭಾರತೀಯ ಭಾಷೆಗಳ ವಿದ್ವತ್ತನ್ನು ಆಯಾ ಭಾಷೆಯ ವಿದ್ವಾಂಸರಿಂದಲೇ ಪರಿಶೀಲಿಸಿ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಪತ್ರಿಕೆಗಳು ಇಂತಿಷ್ಟನೇ ಸ್ಥಾನ ಎಂದು ಬರೆಯುವಾಗ ಯಾವ ಪಟ್ಟಿ, ಯಾವ ವಿಭಾಗ, ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಅದೇ ಸುದ್ದಿಯಲ್ಲಿ ಹೇಳಲಿ. ರಾಜ್ಯ ಸರ್ಕಾರ ರ‍್ಯಾಂಕ್ ಸುಧಾರಣೆಗೆಂದು ಸಮಿತಿ ಮಾಡುವ ಮೊದಲು ಖಾಲಿ ಬಿದ್ದಿರುವ ಬೋಧಕ ಹುದ್ದೆಗಳನ್ನು ತುಂಬಲಿ. ಮೊದಲ ಮೂರು ಆದರೆ ಪಟ್ಟಿಗಳು ಒಂದಕ್ಕೊಂದು ಭಿನ್ನವಾಗಿರುವುದು ಯಾರಿಗೂ ಗೊಂದಲವಾಗುವುದಿಲ್ಲ. ನಾಲ್ಕನೆಯದು ಆದರೆ, ಯಾವ ಪಟ್ಟಿ ಏನೇ ಹೇಳಲಿ, ತರಗತಿಯಲ್ಲಿ ಕೂತ ವಿದ್ಯಾರ್ಥಿಗೆ ಪಾಠ ಸಿಗುತ್ತದೆ. ವಿಶ್ವವಿದ್ಯಾಲಯವನ್ನು ಅಳೆಯಲು ಅದಕ್ಕಿಂತ ಮೊದಲಿನ ಪ್ರಶ್ನೆ ಇನ್ನೊಂದಿಲ್ಲ.